ಹೆಗಲು ಮೆಚ್ಚಿದ ತೋಟಾ

1874ರ ಸೆಪ್ಟೆಂಬರ್ 26. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನ ಕ್ರೀಡ್‌ಮೋರ್ ಎಂಬ ಬಯಲಿನಲ್ಲಿ ಗುರಿ ಹೊಡೆಯುವ ಪಂದ್ಯ ನೋಡಲು ಸಾವಿರಾರು ಜನ ನೆರೆದಿದ್ದರು. ಒಂದು ಕಡೆ ಐರ್ಲೆಂಡಿನ ಆರು ಮಂದಿ, ಇನ್ನೊಂದು ಕಡೆ ಅಮೆರಿಕದ ಆರು ಮಂದಿ. ಗುರಿಹಲಗೆಗಳಿದ್ದದ್ದು 800, 900 ಮತ್ತು 1000 ಗಜ ದೂರದಲ್ಲಿ. ಹಿಂದಿನ ವರ್ಷವಷ್ಟೇ ವಿಂಬಲ್ಡನ್ನಿನಲ್ಲಿ ಇಂಗ್ಲಿಷರನ್ನೂ ಸ್ಕಾಟರನ್ನೂ ಸೋಲಿಸಿದ್ದ ಐರಿಷ್ ತಂಡದ ಕೈಯಲ್ಲಿ ಡಬ್ಲಿನ್ನಿನ ಜಾನ್ ರಿಗ್ಬಿ ತಯಾರಿಸಿದ ರೈಫಲ್ಲುಗಳಿದ್ದವು. ರಿಗ್ಬಿ ತಾನೇ ಆ ತಂಡದ ಒಬ್ಬ ಸದಸ್ಯ. ನಮ್ಮ ಮಲೆನಾಡಿನ ಕೇಪಿನ ಕೋವಿಗಳ ಹಾಗೆ ಇವಕ್ಕೂ ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಯಿಂದ ಹಾಕಿ ಜಡಿಯಬೇಕಿತ್ತು. ಅಮೆರಿಕನ್ನರದು ಹೊಸ ಪದ್ಧತಿ. ಮದ್ದು, ಗುಂಡು, ಕೇಪು ಮೂರನ್ನೂ ಲೋಹದ ಒಂದೇ ಕೊಳವೆಯಲ್ಲಿ ಅಡಕ ಮಾಡಿದ ತೋಟಾವನ್ನು ಅವರು ನಳಿಗೆಯ ಹಿಂಬದಿಯಿಂದ ಸೇರಿಸುತ್ತಿದ್ದರು.

900 ಗಜದಲ್ಲಿ ಐರಿಷ್ ತಂಡದ ಮಿಲ್ನರ್ ಹೊಡೆದ ಒಂದು ಗುಂಡು ಗುರಿಯ ನಟ್ಟನಡುವೆ ಬಿತ್ತು. ಆದರೆ ಅದು ಪಕ್ಕದವರ ಗುರಿ! ನಾಲ್ಕು ಅಂಕ ಬರಬೇಕಾದಲ್ಲಿ ಸೊನ್ನೆ. ಕೊನೆಗೆ ಅಮೆರಿಕದ ಕರ್ನಲ್ ಬೋಡೈನ್ ಒಬ್ಬರೇ ಉಳಿದರು. ಸ್ವಲ್ಪ ಹೊತ್ತಿನ ಮೊದಲು ಶುಂಠಿ ಬಿಯರಿನ ಬಾಟಲಿ ಒಡೆದು ಅವರ ಕೈ ಕೊಯ್ದಿತ್ತು. ಗಾಯಕ್ಕೆ ಕರವಸ್ತ್ರ ಸುತ್ತಿಕೊಂಡು ಮಲಗಿ ಹೊಡೆದರು, ಗುಂಡು ನಡುವಿಗೇ ಹೋಯಿತು. ಅಮೆರಿಕ 934, ಐರ್ಲೆಂಡ್ 931. ಮಿಲ್ನರನ ನಾಲ್ಕು ಅಂಕ ಲೆಕ್ಕಕ್ಕೆ ಬಂದಿದ್ದರೆ ಐರಿಷರೇ ಒಂದು ಅಂಕದಿಂದ ಗೆಲ್ಲುತ್ತಿದ್ದರು.

ಅಂದರೆ ಅದು ಹೊಸ ತೋಟಾದ ದಿಗ್ವಿಜಯವೇನಲ್ಲ, ಕೂದಲೆಳೆಯ ಗೆಲುವು. ಆದರೂ ಬಾಯಿಯಿಂದ ತುಂಬುವ ರೈಫಲ್ಲಿನ ನಿಖರತೆಗೆ ತೋಟಾದ ರೈಫಲ್ ಎಂದೂ ಸಾಟಿಯಾಗದು ಎಂಬ ನಂಬಿಕೆ ಅಂದು ಮುಗಿಯಿತು. ಅಲ್ಲಿಂದ ಈಚಿನ ಸುಮಾರು 150 ವರ್ಷಗಳಲ್ಲಿ ಜಗತ್ತು ನೂರಾರು ಬಗೆಯ ತೋಟಾಗಳನ್ನು ಕಂಡಿದೆ. ಬಹುಪಾಲು ಮರೆತುಹೋದವು. ಹತ್ತಿಪ್ಪತ್ತು ಮಾತ್ರ ಬೇಟೆಗಾರರ, ಗುರಿಕಾರರ ಅಚ್ಚುಮೆಚ್ಚಾಗಿ ಉಳಿದವು. ಉಳಿದವು ಯಾವುವು ಎಂದು ನೋಡಿದರೆ ಸೋಜಿಗವಾಗುತ್ತದೆ. ಎಲ್ಲಕ್ಕಿಂತ ಬಲಶಾಲಿಯಾದವಾಗಲಿ, ಎಲ್ಲಕ್ಕಿಂತ ವೇಗದವಾಗಲಿ ಆ ಪಟ್ಟಿಯ ಮೇಲ್ತುದಿಯಲ್ಲಿ ಇಲ್ಲ. ಗುಂಡು ದಾಟಬೇಕಾದ ಗಾಳಿ, ಅದನ್ನು ಹೊರಹಾಕುವ ನಳಿಗೆ, ಒದೆತ ತಿನ್ನುವ ಹೆಗಲು, ಈ ಮೂರರೊಂದಿಗೂ ಜಗಳವಾಡದ ತೋಟಾಗಳು ಬದುಕಿಕೊಂಡಿವೆ.

ಮೊದಲು ತೋಟಾದ ಒಳಗೆ ನೋಡೋಣ. ಎದ್ದು ಕಾಣುವುದು ಗುಂಡಾದರೂ ಅಲ್ಲಿನ ನಿಜವಾದ ಜಾಣ ವಸ್ತು ಹಿತ್ತಾಳೆಯ ಕೊಳವೆ. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಟ್ರಿಗರ್ ಎಳೆದಾಗ ಮೊಳೆ ಕೇಪಿಗೆ ಬಡಿಯುತ್ತದೆ, ಕೇಪಿನ ಕಿಡಿ ಮದ್ದಿಗೆ ತಾಗುತ್ತದೆ, ಸೆಕೆಂಡಿನ ಸಾವಿರದ ಒಂದು ಪಾಲಿನೊಳಗೆ ಅನಿಲದ ಒತ್ತಡ ವಾತಾವರಣದ ಒತ್ತಡದ ಮೂರೂವರೆ, ನಾಲ್ಕು ಸಾವಿರ ಪಟ್ಟಿಗೆ ಏರುತ್ತದೆ. ಆಗ ತೆಳುವಾದ ಹಿತ್ತಾಳೆ ಉಬ್ಬಿ, ತೋಟಾ ಕೂರುವ ಕೋಣೆಯ ಉಕ್ಕಿನ ಗೋಡೆಗೆ ಒತ್ತಿಕೊಂಡು ಬೆಸುಗೆ ಹಾಕಿದಂತೆ ಸಂದು ಮುಚ್ಚುತ್ತದೆ. ಹಾಗೆ ಮುಚ್ಚದಿದ್ದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಹೊಡೆದವನ ಮುಖ ಸುಡುತ್ತಿತ್ತು. ಗುಂಡು ನಳಿಗೆ ದಾಟಿ ಒತ್ತಡ ಇಳಿದ ಕೂಡಲೇ ಅದೇ ಹಿತ್ತಾಳೆ ಒಂದಿಷ್ಟು ಕುಗ್ಗಿ ಗೋಡೆ ಬಿಟ್ಟುಕೊಡುತ್ತದೆ. ಖಾಲಿ ತೋಟಾ ಸಲೀಸಾಗಿ ಹೊರಬರುತ್ತದೆ. ಬರುವಾಗ ಒಂದಷ್ಟು ಬಿಸಿಯನ್ನೂ ಹೊತ್ತು ತರುತ್ತದೆ. ಇದಕ್ಕಿಂತ ಮೆದುವಾದ ಲೋಹ ಕೋಣೆಗೆ ಅಂಟಿಕೊಂಡೇ ಉಳಿಯುತ್ತಿತ್ತು, ಇದಕ್ಕಿಂತ ಪೆಡಸಾದದ್ದು ಸೀಳುತ್ತಿತ್ತು. ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಎಲ್ಲವನ್ನೂ ಪರೀಕ್ಷಿಸಿ ನೋಡಿದ್ದಾರೆ. ಹಿತ್ತಾಳೆ ಇನ್ನೂ ಜಾಗ ಬಿಟ್ಟುಕೊಟ್ಟಿಲ್ಲ.

ಕ್ರೀಡ್‌ಮೋರ್ ಪಂದ್ಯದ ಎರಡೂ ತಂಡಗಳು ಹೊಡೆದದ್ದು ಕರಿಮದ್ದಿನಲ್ಲಿ. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ನೈಟ್ರೊಸೆಲ್ಯುಲೋಸಿನಿಂದ ಹೊಗೆ ಇಲ್ಲದ ಮದ್ದು ಮಾಡಿದ. ತೂಕಕ್ಕೆ ತೂಕ ಇಟ್ಟರೆ ಅದರ ಕಸುವು ಕರಿಮದ್ದಿನ ಸುಮಾರು ಮೂರು ಪಟ್ಟು. ಹಳೆಯ ಮದ್ದಿನಲ್ಲಿ ಗುಂಡಿನ ವೇಗಕ್ಕೆ ಒಂದು ಮಿತಿ ಇದ್ದುದರಿಂದ ಹೊಡೆತ ಹೆಚ್ಚಬೇಕಾದರೆ ಗುಂಡನ್ನೇ ದಪ್ಪ ಮಾಡಬೇಕಿತ್ತು. ಹೊಸ ಮದ್ದಿನಿಂದ ಗುಂಡು ತೆಳ್ಳಗಾಯಿತು, ಉದ್ದವಾಯಿತು, ತಾಮ್ರದ ಅಂಗಿ ತೊಟ್ಟುಕೊಂಡಿತು. ಬರಿಯ ಸೀಸ ಆ ವೇಗಕ್ಕೆ ನಳಿಗೆಯೊಳಗೆ ಸವೆದು ಮೆತ್ತಿಕೊಳ್ಳುತ್ತಿತ್ತು. ಎಂಟೇ ವರ್ಷದಲ್ಲಿ, 1892ರ ಹೊತ್ತಿಗೆ, ಜರ್ಮನಿಯ ಮೌಸರ್ ಕಾರ್ಖಾನೆಯಿಂದ ಈ ಅಧ್ಯಾಯದ ನಾಯಕ ಹೊರಬಂದ. 7×57 ಎಂದು ಹೆಸರು: ನಳಿಗೆಯ ಅಗಲ 7 ಮಿ.ಮೀ., ಹಿತ್ತಾಳೆಯ ಉದ್ದ 57 ಮಿ.ಮೀ.

1898ರಲ್ಲಿ ಕ್ಯೂಬಾದ ಸಾನ್ ಹುವಾನ್ ಗುಡ್ಡದ ಮೇಲೆ ಕೆಲವೇ ನೂರು ಸ್ಪೇನಿನ ಸೈನಿಕರು ಇದೇ ತೋಟಾದಿಂದ ಸಾವಿರಾರು ಅಮೆರಿಕನ್ನರನ್ನು ಗಂಟೆಗಟ್ಟಲೆ ತಡೆದು ಹಿಡಿದರು. ಗುಡ್ಡ ಕೊನೆಗೆ ಅಮೆರಿಕನ್ನರ ಪಾಲಾಯಿತು, ಆದರೆ ಆ ಪೆಟ್ಟನ್ನು ಅವರು ಮರೆಯಲಿಲ್ಲ. ಮೌಸರ್ ಮಾದರಿಯನ್ನೇ ಅನುಸರಿಸಿ ಹೊಸ ರೈಫಲ್ ಮಾಡಿಕೊಂಡರು, ಮೌಸರ್ ಕಂಪನಿಗೆ ರಾಯಧನವನ್ನೂ ತೆತ್ತರು. ಆ ರೈಫಲ್ಲಿಗಾಗಿ 1906ರಲ್ಲಿ ಸಿದ್ಧವಾದ .30-06 ಇವತ್ತಿಗೂ ಅಮೆರಿಕದ ಬೇಟೆಗಾರರ ಮನೆಮಾತು. ಬ್ರಿಟನ್ನಿನಲ್ಲಿ ಮೌಸರ್ ರೈಫಲ್ಲುಗಳ ಏಜೆನ್ಸಿ ಹಿಡಿದದ್ದು ಕ್ರೀಡ್‌ಮೋರಿನಲ್ಲಿ ಸೋತ ಅದೇ ರಿಗ್ಬಿಯ ಕಂಪನಿ. 7×57 ತೋಟಾಕ್ಕೆ ಅವರು ಅಂಗುಲದ ಲೆಕ್ಕದಲ್ಲಿ .275 ರಿಗ್ಬಿ ಎಂದು ಇಂಗ್ಲಿಷ್ ಅಂಗಿ ತೊಡಿಸಿ ಮಾರಿದರು. ಆ ಹೆಸರಿನಲ್ಲೇ ಅದು ಕುಮಾವೂನಿನ ಕಾಡು ಸೇರಿತು.

1907ರಲ್ಲಿ ಜಿಮ್ ಕಾರ್ಬೆಟ್ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹೆವೆಟ್ ಕೊಟ್ಟ ಬಹುಮಾನ .275 ರಿಗ್ಬಿ ರೈಫಲ್. ತೇಜಸ್ವಿಯವರ ಕನ್ನಡದಲ್ಲಿ ರುದ್ರಪ್ರಯಾಗದ ಚಿರತೆಯ ಕತೆ ಓದಿದವರಿಗೆ ಆ ರೈಫಲ್ಲಿನ ಒಡನಾಟ ಆಗಿಯೇ ಇರುತ್ತದೆ. ಚಂಪಾವತದ ಹೆಣ್ಣು ಹುಲಿ ಕೊಂದವರ ಲೆಕ್ಕ 436 ಎಂದು ಕಾರ್ಬೆಟ್ ಬರೆದಿದ್ದಾರೆ. ಅದರ ಬಾಯಿ ಬಿಡಿಸಿ ನೋಡಿದಾಗ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧ ಮುರಿದಿತ್ತು, ಕೆಳಗಿನದು ಬುಡದವರೆಗೂ ಹೋಗಿತ್ತು. ಯಾರೋ ಎಂದೋ ಹೊಡೆದ ಹಳೆಯ ಗುಂಡಿನ ಗಾಯ. ಸಹಜ ಬೇಟೆ ಕೈಲಾಗದೆ ಅದು ಮನುಷ್ಯರ ಮೇಲೆ ಬಿದ್ದಿತ್ತು. ತೋಟಾದ ಆಯ್ಕೆ ಬರಿಯ ಶೋಕಿಯ ಮಾತಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಪ್ರಾಣಿಯನ್ನು ಕೊಲ್ಲಲಾರದ, ಕೆಡವಲೂ ಆಗದ ಹೊಡೆತ ಎಲ್ಲಕ್ಕಿಂತ ಕೆಟ್ಟ ಹೊಡೆತ.

ಹಾಗಾದರೆ ದಪ್ಪ ಗುಂಡು, ದೊಡ್ಡ ಬಲವೇ ಸುರಕ್ಷಿತವಲ್ಲವೇ? ಆ ಕಾಲದ ಬಹಳ ಜನ ಹಾಗೆಯೇ ನಂಬಿದ್ದರು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಕೂಡ ದಪ್ಪ ಗುಂಡಿನ ಪಂಗಡದವರು. ತೇಜಸ್ವಿ ‘ಕಾಡಿನ ಕತೆಗಳು’ ಮೂಲಕ ಕನ್ನಡಕ್ಕೆ ತಂದ ಆಂಡರ್ಸನ್‌ರ ಅನುಭವಗಳ ತುಂಬ ಅವರ .405 ವಿಂಚೆಸ್ಟರ್ ಓಡಾಡುತ್ತದೆ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಹೊರಟಾಗ ಸಿಂಹಗಳಿಗೆಂದು ಒಯ್ದದ್ದೂ ಇದನ್ನೇ. ಅದೇ ಕಾಲದಲ್ಲಿ ಆಫ್ರಿಕದಲ್ಲಿ ದಂತಕ್ಕಾಗಿ ಆನೆ ಹೊಡೆಯುತ್ತಿದ್ದ ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಅವುಗಳಲ್ಲಿ ಬಹುಪಾಲನ್ನು ಕೊಂದದ್ದು ತೆಳ್ಳಗಿನ 7×57ರಿಂದ. ಹೆಮ್ಮೆ ಪಡುವ ಸಂಗತಿಯಲ್ಲ. ಆದರೆ ಭೌತವಿಜ್ಞಾನದ ದೃಷ್ಟಿಯಿಂದ ಬೆಲ್‌ನನ್ನು ಬಿಟ್ಟು ಮುಂದೆ ಹೋಗಲಾಗದು.

ಆಂಡರ್ಸನ್‌ರ .405ರ ಗುಂಡಿನ ತೂಕ ಸುಮಾರು 19.4 ಗ್ರಾಂ, ಅಡ್ಡಳತೆ ಸುಮಾರು 10.5 ಮಿ.ಮೀ., ನಳಿಗೆಯಿಂದ ಹೊರಡುವ ವೇಗ ಸೆಕೆಂಡಿಗೆ 670 ಮೀಟರ್. ಬೆಲ್‌ನ ಗುಂಡು ಸುಮಾರು 11.2 ಗ್ರಾಂ, ಅಡ್ಡಳತೆ 7.2 ಮಿ.ಮೀ., ವೇಗ ಸೆಕೆಂಡಿಗೆ 700 ಮೀಟರ್. ಚಲನಶಕ್ತಿ ಲೆಕ್ಕ ಹಾಕಿದರೆ .405ಕ್ಕೆ ಸುಮಾರು 4,350 ಜೌಲ್, 7×57ಕ್ಕೆ ಸುಮಾರು 2,750 ಜೌಲ್. ಕಾಗದದ ಮೇಲೆ ಆಂಡರ್ಸನ್ ಸುಲಭವಾಗಿ ಗೆದ್ದರು. ಈಗ ಅದೇ ತೂಕವನ್ನು ಗುಂಡಿನ ಮುಖದ ವಿಸ್ತೀರ್ಣಕ್ಕೆ ಹಂಚಿ ನೋಡಿ. .405ರಲ್ಲಿ ಪ್ರತಿ ಚದರ ಮಿಲಿಮೀಟರಿನ ಹಿಂದೆ ಸುಮಾರು 0.22 ಗ್ರಾಂ ಇದ್ದರೆ 7×57ರಲ್ಲಿ 0.27 ಗ್ರಾಂ ಇದೆ. ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೋಗುವ ಎರಡು ಗುಂಡುಗಳಲ್ಲಿ ಯಾವುದು ಆಳಕ್ಕೆ ಇಳಿಯುತ್ತದೆ ಎನ್ನುವುದನ್ನು ನಿರ್ಧರಿಸುವುದು ಈ ಎರಡನೆಯ ಲೆಕ್ಕ. ಗೋಣಿಚೀಲಕ್ಕೆ ದಬ್ಬಳ ಇಳಿದ ಹಾಗೆ ಕೋಲಿನ ತುದಿ ಇಳಿಯುವುದಿಲ್ಲವಲ್ಲ. ತಲೆಬುರುಡೆಯ ಮೂಳೆಯನ್ನು ತೂರಿ ಮಿದುಳು ಮುಟ್ಟಬೇಕಾದ ಬೆಲ್‌ಗೆ ಬೇಕಿದ್ದದ್ದು ಆಳ. ಮಿದುಳು ಎಲ್ಲಿದೆ ಎಂದು ತಿಳಿಯಲು ಆತ ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು ನೋಡಿದ್ದ.

ಬೆಲ್‌ನನ್ನು ನೋಡಿ ಸಣ್ಣ ತೋಟಾ ಹಿಡಿದು ಆನೆಯ ಎದುರು ನಿಂತ ಎಲ್ಲರಿಗೂ ಆ ನಿಖರತೆ ಇರಲಿಲ್ಲ. ಆಫ್ರಿಕದ ಹಲವು ದೇಶಗಳು ಅಪಾಯಕಾರಿ ಪ್ರಾಣಿಗಳ ಬೇಟೆಗೆ ಕನಿಷ್ಠ .375 ಎಂದು ಕಾನೂನು ಮಾಡಿದ್ದು ಇಂಥ ಅನುಭವದಿಂದಲೇ. ಆಂಡರ್ಸನ್‌ರ ಆಯ್ಕೆಯೂ ತಪ್ಪಲ್ಲ. ಹುಲಿ ಆನೆಯಲ್ಲ, ಅದರ ಎದೆಯ ಚರ್ಮ, ಮಾಂಸ ದಾಟಲು ಅಷ್ಟು ಆಳದ ಅಗತ್ಯವಿಲ್ಲ. ಪೊದೆಯಿಂದ ಹತ್ತಾರು ಗಜ ದೂರದಲ್ಲಿ ನುಗ್ಗುವ ಪ್ರಾಣಿಯನ್ನು ಅಲ್ಲೇ ನಿಲ್ಲಿಸಬೇಕಾದರೆ ಗುಂಡು ತನ್ನ ಶಕ್ತಿಯನ್ನೆಲ್ಲ ಅದರ ದೇಹದೊಳಗೇ ಸುರಿಯಬೇಕು.

ಸುರಿಯುವುದು ಹೇಗೆ? ಇಲ್ಲಿ ಕಲ್ಕತ್ತೆಯ ಪಕ್ಕದ ದಮ್ ದಮ್ ಕತೆಗೆ ಬರುತ್ತದೆ. ಹೊಗೆಯಿಲ್ಲದ ಮದ್ದಿನ ಹೊಸ .303 ಗುಂಡುಗಳು ಪೂರ್ತಿ ಲೋಹದ ಅಂಗಿ ತೊಟ್ಟಿದ್ದವು. ಮೈಯೊಳಗೆ ಹೊಕ್ಕು ಸಣ್ಣ ತೂತು ಮಾಡಿ ಆಚೆ ಹೋಗಿಬಿಡುತ್ತಿದ್ದವು. ವಾಯವ್ಯ ಗಡಿಯ ಕಾಳಗಗಳಲ್ಲಿ ಗುಂಡು ತಗುಲಿದ ಎದುರಾಳಿ ಬೀಳದೆ ಮುನ್ನುಗ್ಗುತ್ತಾನೆಂದು ಬ್ರಿಟಿಷ್ ಸೈನ್ಯ ದೂರಿತು. ದಮ್ ದಮ್ ಶಸ್ತ್ರಾಗಾರದ ಕ್ಯಾಪ್ಟನ್ ನೆವಿಲ್ ಬರ್ಟಿ-ಕ್ಲೇ ಗುಂಡಿನ ಮೂತಿಯ ಅಂಗಿ ತೆಗೆದು ಸೀಸವನ್ನು ಬಯಲಿಗಿಟ್ಟ. ಬಡಿದ ಕೂಡಲೇ ಮೂತಿ ಅರಳಿ ಅಗಲವಾಗುತ್ತದೆ, ಗುಂಡು ಬೇಗ ನಿಲ್ಲುತ್ತದೆ, ಗಾಯ ಘೋರವಾಗುತ್ತದೆ. 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಇಂಥ ಗುಂಡನ್ನು ನಿಷೇಧಿಸಿತು.

ಬೇಟೆಯ ಕಾನೂನು ಹೇಳುವುದು ಇದರ ತದ್ವಿರುದ್ಧ. ಬ್ರಿಟನ್ನಿನ ಜಿಂಕೆ ಕಾಯಿದೆ ರೈಫಲ್ಲಿನಲ್ಲಿ ಮೆದು ಮೂತಿಯ ಅಥವಾ ಟೊಳ್ಳು ಮೂತಿಯ ಗುಂಡನ್ನಲ್ಲದೆ ಬೇರೆಯದನ್ನು ಬಳಸಕೂಡದು ಎನ್ನುತ್ತದೆ. ಮನುಷ್ಯನ ಮೇಲೆ ಕ್ರೂರವೆಂದು ನಿಷೇಧಿಸಿದ ಗುಂಡೇ ಜಿಂಕೆಯ ಮೇಲೆ ದಯೆಯೆಂದು ಕಡ್ಡಾಯ! ವಿರೋಧಾಭಾಸದಂತೆ ಕಂಡರೂ ಇದರಲ್ಲಿ ತರ್ಕವಿದೆ. ಗಾಯಗೊಂಡ ಸೈನಿಕನಿಗೆ ಆಸ್ಪತ್ರೆಯುಂಟು, ಗಾಯಗೊಂಡ ಜಿಂಕೆಗಿಲ್ಲ. ಅದಕ್ಕೆ ಬೇಗ ಸಾಯುವುದೇ ಸಿಗಬಹುದಾದ ಕರುಣೆ. ಯುದ್ಧದ ಗುಂಡಿನ ನೀತಿಯಲ್ಲಿ ಎಷ್ಟು ನೀತಿ ಇದೆ ಎಂಬುದು ಬೇರೆ ಪ್ರಶ್ನೆ.

ತೋಟಾಗಳ ಹಣೆಬರಹವನ್ನು ಕಾನೂನು ಬರೆದದ್ದು ಇದೊಂದೇ ಸಲವಲ್ಲ. 1907ರ ಸುಮಾರಿಗೆ ಬ್ರಿಟಿಷರು ಭಾರತದಲ್ಲೂ ಸುಡಾನಿನಲ್ಲೂ .450 ಅಳತೆಯನ್ನು ಖಾಸಗಿಯವರಿಗೆ ನಿಷೇಧಿಸಿದರು. ದಂಗೆಕೋರರ ಕೈಯಲ್ಲಿದ್ದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಆ ಗುಂಡುಗಳು ಒದಗಬಹುದೆಂಬ ಅಂಜಿಕೆ. ಇಂಗ್ಲೆಂಡಿನ ಕೋವಿ ತಯಾರಕರು ಸುಮ್ಮನೆ ಕೂರಲಿಲ್ಲ. .465, .470, .475 ಎಂದು ಕೂದಲಷ್ಟು ಅಳತೆ ಬದಲಿಸಿ ಹೊಸ ತೋಟಾಗಳನ್ನು ತಂದರು. ವಿಜ್ಞಾನದ ಯಾವ ಕಾರಣವೂ ಇಲ್ಲದೆ ಹುಟ್ಟಿದ ಈ ತೋಟಾಗಳಲ್ಲಿ .470 ಇಂದಿಗೂ ಆಫ್ರಿಕದಲ್ಲಿ ಬಳಕೆಯಲ್ಲಿದೆ. ಸೈನ್ಯದ .303 ನಾಗರಿಕರಿಗೆ ಸಿಗದ ಕಾರಣಕ್ಕೇ ನಮ್ಮ ಸರ್ಕಾರಿ ಕಾರ್ಖಾನೆಗಳು ಆಸ್ಟ್ರಿಯಾದ ಹಳೆಯ 8 ಮಿ.ಮೀ. ತೋಟಾವನ್ನು .315 ಎಂಬ ಹೆಸರಿನಲ್ಲಿ ಮಾಡುತ್ತ ಬಂದವು. ಉತ್ತರ ಭಾರತದಲ್ಲಿ ಲೈಸೆನ್ಸ್ ರೈಫಲ್ ಎಂದರೆ ಇವತ್ತಿಗೂ ಬಹುಮಟ್ಟಿಗೆ ಅದೇ. ಅದರ ಜನಪ್ರಿಯತೆಗೆ ಬೇರೆ ದಾರಿ ಇಲ್ಲದಿರುವುದೇ ಕಾರಣ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ನಮ್ಮಲ್ಲಿ ಬೇಟೆಯ ತೋಟಾದ ಚರ್ಚೆ ಪುಸ್ತಕದ ಮಾತಾಯಿತು, ಆಗಬೇಕಾದದ್ದೂ ಅದೇ. ಗುರಿ ಹೊಡೆಯುವುದು ಮಾತ್ರ ಉಳಿದಿದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಬ್ರಿಟಿಷರ ಕಾಲದಿಂದ ಅವರಿಗಿರುವ ಲೈಸೆನ್ಸ್ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷ ಮುಂದುವರಿಸಿದೆ. ಬೇಟೆ ಹೋದರೂ ಗುರಿಯ ಹಟ ಹೋಗಿಲ್ಲ.

ಹೆಗಲಿನ ವಿಷಯಕ್ಕೆ ಬರೋಣ. ಗುಂಡು ಮುಂದೆ ಹೋದಷ್ಟೇ ಸಂವೇಗ ಕೋವಿಗೆ ಹಿಂದಕ್ಕೆ ಬರುತ್ತದೆ, ನ್ಯೂಟನ್ನಿನ ಲೆಕ್ಕದಲ್ಲಿ ಸಾಲಕ್ಕೆ ಜಾಗವಿಲ್ಲ. ಗುಂಡಿನ ಬೆನ್ನಿಗೇ ನಳಿಗೆಯಿಂದ ನುಗ್ಗುವ ಅನಿಲದ ಸಂವೇಗವನ್ನೂ ಸೇರಿಸಿಕೊಳ್ಳಬೇಕು. .405 ಹೊಡೆದಾಗ ಮೂರೂವರೆ ಕಿಲೋ ತೂಕದ ರೈಫಲ್ ಸೆಕೆಂಡಿಗೆ 4 ಮೀಟರಿಗೂ ಹೆಚ್ಚು ವೇಗದಲ್ಲಿ ಹೆಗಲಿಗೆ ಬಡಿಯುತ್ತದೆ. 7×57ರ ಒದೆತದ ಶಕ್ತಿ ಇದರ ಅರ್ಧಕ್ಕಿಂತ ಕಡಿಮೆ. ಒದೆತ ನೋವು ಕೊಟ್ಟರೆ ಸಹಿಸಬಹುದು, ಕಷ್ಟವಿರುವುದು ಅದರ ನೆನಪಿನಲ್ಲಿ. ನಾಲ್ಕಾರು ಬಾರಿ ಒದೆಸಿಕೊಂಡ ಮೈ ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಬೆದರುತ್ತದೆ. ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ಬರುತ್ತದೆ, ನಳಿಗೆ ಕೆಳಕ್ಕೆ ಇಳಿಯುತ್ತದೆ. ಹೊಡೆದವನಿಗೆ ಇದರ ಅರಿವೇ ಇರುವುದಿಲ್ಲ. ಇದನ್ನು ಹಿಡಿಯಲು ತರಬೇತುದಾರರು ಒಂದು ಉಪಾಯ ಮಾಡುತ್ತಾರೆ. ಶಿಷ್ಯನಿಗೆ ತಿಳಿಯದಂತೆ ಕೋವಿಯಲ್ಲಿ ಖಾಲಿ ತೋಟಾ ಹಾಕಿ ಕೊಡುತ್ತಾರೆ. ಕ್ಲಿಕ್ ಎಂದಾಗ ಒದೆತವೇ ಇಲ್ಲದ ಕೋವಿ ಗಡಬಡಿಸಿ ತಗ್ಗುವುದು ಎಲ್ಲರಿಗೂ ಕಾಣುತ್ತದೆ. ತಮಗೆ ಒದೆತ ಲೆಕ್ಕಕ್ಕೇ ಇಲ್ಲ ಎಂದು ಮೀಸೆ ತಿರುವುವವರಿಗೆ ಈ ಪರೀಕ್ಷೆ ಬಹಳ ಒಳ್ಳೆಯದು.

ಸ್ವೀಡನ್ ಮತ್ತು ನಾರ್ವೆ 1894ರಲ್ಲಿ ಒಪ್ಪಿಕೊಂಡ 6.5×55 ತೋಟಾ ಬೇಟೆಗಾರರಿಗೆ ಇಷ್ಟವಾದದ್ದು ಕಡಿಮೆ ಒದೆಯುವ ಗುಣದಿಂದಲೇ. ಕುದುರೆಗಿಂತ ಎತ್ತರ ಬೆಳೆಯುವ ಮೂಸ್ ಕಡವೆಗಳನ್ನು ಆ ದೇಶಗಳಲ್ಲಿ ಈ ತೆಳ್ಳಗಿನ, ಮೆತ್ತಗೆ ಒದೆಯುವ ತೋಟಾದಿಂದಲೇ ತಲೆಮಾರುಗಳಿಂದ ಹೊಡೆದಿದ್ದಾರೆ. 2007ರಲ್ಲಿ ಅಮೆರಿಕದ ಹಾರ್ನಡಿ ಕಂಪನಿಯ ಡೇವ್ ಎಮರಿ ಮತ್ತು ಗುರಿಕಾರ ಡೆನಿಸ್ ಡಿಮಿಲ್ ಇದೇ ಅಡ್ಡಳತೆಯ ಗುಂಡಿಗೆ ಹೊಸ ಹಿತ್ತಾಳೆ ಹೊಂದಿಸಿ ಒಂದು ತೋಟಾ ರೂಪಿಸಿದರು. ಅದಕ್ಕೆ 6.5 ಕ್ರೀಡ್‌ಮೋರ್ ಎಂದು ಹೆಸರಿಟ್ಟರು. ಹತ್ತೇ ವರ್ಷದಲ್ಲಿ ಅದು ದೂರದ ಗುರಿಯ ಆಟವನ್ನು ಆವರಿಸಿಕೊಂಡಿತು. ಅದರ ಗುಂಡು ಆ ಆಟದಲ್ಲಿ ಮೊದಲು ಬಳಕೆಯಲ್ಲಿದ್ದ .308 ತೋಟಾದ ಗುಂಡಿಗಿಂತ ಹಗುರ, ಒದೆತ ಕಡಿಮೆ. ಆದರೂ 1000 ಗಜದಲ್ಲಿ ಅಡ್ಡಗಾಳಿಗೆ ಅದು ಸರಿಯುವುದು .308ಕ್ಕಿಂತ ಮೂರನೇ ಒಂದು ಭಾಗದ ಆಸುಪಾಸಿನಷ್ಟು ಕಡಿಮೆ.

ಹಗುರದ್ದು ಹೆಚ್ಚು ಸರಿಯಬೇಕಿತ್ತಲ್ಲ? ಇದಕ್ಕೆ ಉತ್ತರ ಹುಡುಕಲು ಆರಂಭಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ತೂಗಿತು ಎಂಬುದರಿಂದ ಗುಂಡಿನ ವೇಗ ಕಂಡುಹಿಡಿಯುವ ವಿಧಾನವನ್ನು ಆತ 1742ರಲ್ಲಿ ಪ್ರಕಟಿಸಿದ. ಬೇರೆ ಬೇರೆ ದೂರದಲ್ಲಿ ಅಳೆದಾಗ ಬೆಚ್ಚಿಬೀಳುವಂಥ ಸಂಗತಿ ಹೊರಬಿತ್ತು. ಅಲ್ಲಿಯವರೆಗೆ ಬಹುಮಂದಿ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಗಾಳಿಯ ತಡೆ, ಗುಂಡಿನ ತೂಕದ ಹತ್ತಾರು ಪಟ್ಟು ಇತ್ತು. ಇಂದಿನ ಚೂಪು ಮೂತಿಯ ಕ್ರೀಡ್‌ಮೋರ್ ಗುಂಡಿಗೂ ನಳಿಗೆ ಬಿಟ್ಟ ಕೂಡಲೇ ಗಾಳಿ ಒಡ್ಡುವ ತಡೆ ಅದರ ತೂಕದ ಸುಮಾರು 40 ಪಟ್ಟು. ಶಬ್ದದ ವೇಗದ ಹತ್ತಿರ ಬಂದಾಗ ಈ ತಡೆ ಒಮ್ಮೆಗೇ ಜಿಗಿಯುತ್ತದೆ ಎಂಬುದನ್ನೂ ರಾಬಿನ್ಸ್ ಗಮನಿಸಿದ್ದ. ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಎಂಜಿನಿಯರಾಗಿ ಭಾರತಕ್ಕೆ ಬಂದ ಆತ 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಅಡ್ಡಗಾಳಿಯ ಲೆಕ್ಕ ಸಾಮಾನ್ಯ ತಿಳಿವಳಿಕೆಗೆ ಸರಿಹೊಂದುವುದಿಲ್ಲ. ಗುಂಡು ಗಾಳಿಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದು ಇಲ್ಲಿ ಮುಖ್ಯವಲ್ಲ. ಗಾಳಿಯೇ ಇಲ್ಲದ ನಿರ್ವಾತದಲ್ಲಿ ಹೋಗಿದ್ದರೆ ತಗಲುತ್ತಿದ್ದ ಸಮಯಕ್ಕಿಂತ ಎಷ್ಟು ತಡವಾಯಿತು ಎಂಬುದೇ ಮುಖ್ಯ. ಆ ತಡವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಗುಂಡು ಪಕ್ಕಕ್ಕೆ ಸರಿದ ದೂರ ಸಿಗುತ್ತದೆ. ಅಂದರೆ ಗಾಳಿಯೊಡನೆ ಕಡಿಮೆ ಗುದ್ದಾಡಿದ ಗುಂಡು ಕಡಿಮೆ ಸರಿಯುತ್ತದೆ. 6.5ರ ಗುಂಡು ತನ್ನ ಅಗಲಕ್ಕೆ ಬಹಳ ಉದ್ದ, ಮೂತಿ ಚೂಪು, ಬಾಲ ಸಪೂರ. ಅಷ್ಟು ಉದ್ದದ ಗುಂಡು ಗಾಳಿಯಲ್ಲಿ ಮಗುಚಿಕೊಳ್ಳದಿರಲು ವೇಗವಾಗಿ ತಿರುಗುತ್ತಿರಬೇಕು. ನಳಿಗೆಯೊಳಗಿನ ಸುರುಳಿ ಗೀರುಗಳು ಅದನ್ನು ಪ್ರತಿ 20 ಸೆಂ.ಮೀ.ಗೆ ಒಂದು ಸುತ್ತು ತಿರುಗಿಸಿ ಕಳಿಸುತ್ತವೆ. ಸೆಕೆಂಡಿಗೆ 820 ಮೀಟರ್ ವೇಗಕ್ಕೆ ಅದು ಸೆಕೆಂಡಿಗೆ ಸುಮಾರು 4,000 ಸುತ್ತಾಯಿತು. ಇಷ್ಟೆಲ್ಲ ಆದರೂ ಸಾವಿರ ಮೀಟರ್ ಮುಟ್ಟುವಷ್ಟರಲ್ಲಿ ಗುಂಡು ಹತ್ತು ಮೀಟರಿನಷ್ಟು ಕೆಳಕ್ಕೆ ಬಿದ್ದಿರುತ್ತದೆ. ಅದೇನೂ ತೊಂದರೆಯಲ್ಲ. ಭೂಮಿಯ ಸೆಳೆತ ದಿನಾ ಒಂದೇ ಥರ ಇರುತ್ತದೆ, ಲೆಕ್ಕಕ್ಕೆ ಸಿಗುತ್ತದೆ. ಗುರಿಕಾರನ ನಿದ್ದೆ ಕೆಡಿಸುವುದು ಗಾಳಿ.

ಈ ಲೆಕ್ಕದ ಅತ್ಯಂತ ಮೋಜಿನ ಫಲ ಕಾಣುವುದು ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಲ್ಲಿರುವ, ಅತಿ ಸಣ್ಣ ರೈಫಲ್ ತೋಟಾಗಳಲ್ಲಿ ಒಂದಾದ .22 ಲಾಂಗ್ ರೈಫಲ್‌ನಲ್ಲಿ. ಇದನ್ನು 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ತಂದಿತು. ಅದೇ ವರ್ಷ ಯೂರೋಪಿನಲ್ಲಿ ಅರ್ನ್ಸ್ಟ್ ಮಾಖ್ ಮತ್ತು ಪೀಟರ್ ಸಾಲ್ಖರ್, ಶಬ್ದಕ್ಕಿಂತ ವೇಗವಾಗಿ ಹಾರುವ ಗುಂಡಿನ ಮೂತಿಯಿಂದ ಹರಡುವ ಆಘಾತ ತರಂಗದ ಫೋಟೋ ಪ್ರಕಟಿಸಿದರು. ಈ ಎರಡು ಕಡೆಯವರಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿರಲಾರದು. ಆದರೆ ಆ ಪುಟ್ಟ ತೋಟಾದ ಅತಿ ದೊಡ್ಡ ಸಮಸ್ಯೆಯ ಚಿತ್ರ ಆ ಫೋಟೋದಲ್ಲಿತ್ತು.

ಅಂಗಡಿಯಲ್ಲಿ ಸಿಗುವ .22 ತೋಟಾಗಳಲ್ಲಿ ‘ಹೈ ವೆಲಾಸಿಟಿ’ ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದವು ಇವೆ. ಅವುಗಳ ವೇಗ ಸೆಕೆಂಡಿಗೆ ಸುಮಾರು 380 ಮೀಟರ್. ಒಲಿಂಪಿಕ್ ಸ್ಪರ್ಧಿಗಳು ಹೆಚ್ಚು ಹಣ ಕೊಟ್ಟು ಕೊಳ್ಳುವ ತೋಟಾದ ವೇಗ ಸುಮಾರು 330 ಮೀಟರ್, ಶಬ್ದದ ವೇಗಕ್ಕಿಂತ ಒಂದಿಷ್ಟು ಕೆಳಗೆ. ಬೇಕೆಂದೇ ನಿಧಾನ. ವೇಗದ ಗುಂಡು ಶಬ್ದದ ವೇಗದ ಮೇಲೆ ಹೊರಟು, ದಾರಿಯಲ್ಲಿ ತಡೆ ಅತಿ ಹೆಚ್ಚಾಗಿರುವ ಆ ಗಡಿಯನ್ನು ದಾಟಿ ಕೆಳಗಿಳಿಯಬೇಕು. ಆ ಗಡಿಯಲ್ಲಿ ಆಘಾತ ತರಂಗಗಳು ಗುಂಡಿನ ಮೈಮೇಲೆ ಜಾಗ ಬದಲಿಸುತ್ತ ಅದನ್ನು ಅಲ್ಲಾಡಿಸುತ್ತವೆ. ಗಾಳಿಯ ಲೆಕ್ಕ ಇನ್ನೂ ಸ್ವಾರಸ್ಯ. ನೂರು ಮೀಟರಿಗೆ ವೇಗದ ಗುಂಡಿಗೆ ಆಗುವ ‘ತಡ’ ಸೆಕೆಂಡಿನ ಸಾವಿರದ 30 ಪಾಲಿನ ಸುಮಾರು. ನಿಧಾನದ್ದಕ್ಕೆ ಸಾವಿರದ 23 ಪಾಲು. ಸೆಕೆಂಡಿಗೆ 3 ಮೀಟರಿನ ಅಡ್ಡಗಾಳಿ ಬೀಸುತ್ತಿದ್ದರೆ ಮೊದಲನೆಯದು 9 ಸೆಂ.ಮೀ. ಸರಿಯುತ್ತದೆ, ಎರಡನೆಯದು 7 ಸೆಂ.ಮೀ. ಬೇಗ ಮುಟ್ಟುವ ಗುಂಡೇ ಹೆಚ್ಚು ಅತ್ತಿತ್ತ ಹೋಗುತ್ತದೆ!

50 ಮೀಟರ್ ಒಲಿಂಪಿಕ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿ.ಮೀ. ಗುಂಡು 5.6 ಮಿ.ಮೀ. 2024ರ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಮಂಡಿಯೂರಿ, ಮಲಗಿ, ನಿಂತು, ಮೂರು ಭಂಗಿಗಳಲ್ಲಿ ಇದೇ ಗುರಿಗೆ ಹೊಡೆದು ಕಂಚು ಗೆದ್ದರು. ಈ ಮಟ್ಟದಲ್ಲಿ ತೋಟಾದ ಸಣ್ಣ ವ್ಯತ್ಯಾಸವೂ ಪದಕದ ವ್ಯತ್ಯಾಸ. ಐವತ್ತು ಮೀಟರ್ ದಾಟುವಷ್ಟರಲ್ಲಿ ಗುಂಡು ಸುಮಾರು 12 ಸೆಂ.ಮೀ. ಬೀಳುತ್ತದೆ. ಒಂದು ತೋಟಾ ಇನ್ನೊಂದಕ್ಕಿಂತ ಸೆಕೆಂಡಿಗೆ ಬರೀ 5 ಮೀಟರ್ ನಿಧಾನವಾದರೆ ಮೂರೂವರೆ ಮಿಲಿಮೀಟರ್ ಇನ್ನೂ ಕೆಳಗೆ ಬೀಳುತ್ತದೆ. ಒಳಗಿರುವ ಮದ್ದು ಸುಮಾರು ಒಂದು ಗ್ರಾಮಿನ ಹತ್ತನೇ ಒಂದು ಪಾಲು. ಅದರಲ್ಲಿ ಕೆಲವೇ ಕಣ ಹೆಚ್ಚುಕಡಿಮೆಯಾದರೂ ವೇಗ ಬದಲಾಗುತ್ತದೆ.

ಆದರೂ ಕೆಲವು ರೈಫಲ್ಲುಗಳಲ್ಲಿ ಈ ವ್ಯತ್ಯಾಸ ಗುರಿಹಾಳೆಯ ಮೇಲೆ ಕಾಣುವುದೇ ಇಲ್ಲ. ಅದಕ್ಕೆ ಕಾರಣ ನಳಿಗೆಯ ಕಂಪನ. ಮದ್ದು ಹೊತ್ತಿದಾಗ ನಳಿಗೆ ಅದುರುತ್ತದೆ, ಅದರ ತುದಿ ಮೇಲೆ ಕೆಳಗೆ ತೂಗುತ್ತದೆ. ಗುಂಡು ಒಳಗಿರುವುದು ಸೆಕೆಂಡಿನ ಸಾವಿರದ ಎರಡು ಮೂರು ಪಾಲು ಅಷ್ಟೆ. ಗುಂಡು ಹೊರಬೀಳುವ ಹೊತ್ತಿಗೆ ತುದಿ ಮೇಲಕ್ಕೆ ಏಳುತ್ತಿದ್ದರೆ, ನಿಧಾನದ ಗುಂಡು ತುಸು ತಡವಾಗಿ, ತುಸು ಹೆಚ್ಚು ಮೇಲ್ಮುಖವಾಗಿ ಹೊರಡುತ್ತದೆ. ಹೆಚ್ಚು ಬೀಳಬೇಕಾದದ್ದು ಅಷ್ಟು ಮೇಲಿನಿಂದಲೇ ಆರಂಭವಾಗುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಬ್ರಿಟಿಷ್ ಸೈನ್ಯದ ಹಳೆಯ ಲೀ-ಎನ್‌ಫೀಲ್ಡ್ ದೂರದ ಗುರಿಯಲ್ಲಿ ತನ್ನ ಯೋಗ್ಯತೆಗೆ ಮೀರಿ ಹೊಡೆಯುತ್ತಿದ್ದುದು ಹೀಗೆಯೇ. ಈ ಹೊಂದಾಣಿಕೆ ಒಂದೊಂದು ನಳಿಗೆಯಲ್ಲಿ ಒಂದೊಂದು ಥರ. ಒಂದೇ ಕಾರ್ಖಾನೆಯ, ಒಂದೇ ಮಾದರಿಯ ಎರಡು ರೈಫಲ್ಲುಗಳು ಒಂದೇ ತೋಟಾವನ್ನು ಒಪ್ಪುತ್ತವೆಂಬ ಖಾತ್ರಿಯಿಲ್ಲ.

ಅದಕ್ಕೇ ದೊಡ್ಡ ಗುರಿಕಾರರು ತಮ್ಮ ನಳಿಗೆಯನ್ನು ಹೊತ್ತುಕೊಂಡು ಇಂಗ್ಲೆಂಡಿನ ಇಲೀ, ಫಿನ್‌ಲೆಂಡಿನ ಲಾಪುವಾದಂಥ ಕಂಪನಿಗಳ ಪರೀಕ್ಷಾ ಕೇಂದ್ರಗಳಿಗೆ ಹೋಗುತ್ತಾರೆ. ಅಲ್ಲಿ ಕಬ್ಬಿಣದ ಹಿಡಿಕೆಯಲ್ಲಿ ನಳಿಗೆಯನ್ನು ಬಿಗಿದು ಬೇರೆ ಬೇರೆ ಲಾಟುಗಳ ತೋಟಾಗಳನ್ನು ಸಾಲಾಗಿ ಹೊಡೆಯುತ್ತಾರೆ. ಹೆಸರು ಅದೇ, ಡಬ್ಬದ ಬಣ್ಣ ಅದೇ, ಬೆಲೆಯೂ ಅದೇ. ಲಾಟಿನ ಸಂಖ್ಯೆ ಮಾತ್ರ ಬೇರೆ. ಹಾಳೆಯ ಮೇಲಿನ ತೂತುಗಳ ಗುಂಪು ಯಾವ ಲಾಟಿನಲ್ಲಿ ಅತಿ ಸಣ್ಣದಾಗಿ ಬಂತೋ, ಆ ಲಾಟಿನ ಸಾವಿರಾರು ತೋಟಾಗಳನ್ನು ಬೇರೆ ಯಾರಾದರೂ ಎತ್ತಿಕೊಳ್ಳುವ ಮೊದಲೇ ಕೊಂಡುಬಿಡುತ್ತಾರೆ. ಆ ದಾಸ್ತಾನು ತೀರಿದ ಮೇಲೆ ಮತ್ತೆ ನಳಿಗೆ ಹೊತ್ತುಕೊಂಡು ಪರೀಕ್ಷೆಗೆ ಹೊರಡಬೇಕು.